ಎಲೆಗೆ ಅಡ್ಡ ಹಿಡಿದ ಕೈ

ರಾಧಾನಗರ, ಕ್ರೋಂಪೇಟೆ, ಚೆನ್ನೈ
8 ಜನವರಿ 1999

ಅಕ್ಕ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ.

ನಿಮ್ಮ ತಮ್ಮನಿಗೆ ಸಕ್ಕರೆ ಕಾಯಿಲೆ. ದೀಪಾವಳಿ ಕಳೆದ ಮೇಲೆ ಬಾಯಾರಿಕೆ, ಬಾಯಾರಿಕೆ ಎನ್ನುತ್ತಿದ್ದರು. ರೈಲ್ವೆ ಆಸ್ಪತ್ರೆಯಲ್ಲಿ ರಕ್ತ ನೋಡಿ ಮಾತ್ರೆ ಬರೆದುಕೊಟ್ಟರು. ಜೂನ್‌ನಲ್ಲಿ ಡ್ರೈವರುಗಳ ವೈದ್ಯಕೀಯ ಪರೀಕ್ಷೆ ಇದೆ. ಅಷ್ಟರೊಳಗೆ ಹತೋಟಿಗೆ ಬರದಿದ್ದರೆ ಇವರನ್ನು ಗಾಡಿಯಿಂದ ಇಳಿಸಿ ಆಫೀಸಿನ ಮೇಜಿನ ಮುಂದೆ ಕೂರಿಸುತ್ತಾರಂತೆ. ಬೀಚ್ ಸ್ಟೇಷನ್ನಿನಿಂದ ತಾಂಬರಂವರೆಗೆ ಕರೆಂಟು ರೈಲುಗಾಡಿ ಓಡಿಸುವುದು ಬಿಟ್ಟರೆ ಈ ಮನುಷ್ಯನಿಗೆ ಇನ್ನೇನೂ ರುಚಿಸುವುದಿಲ್ಲ. ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಮಣೆಗಳನ್ನು ಸಾಲಾಗಿ ಜೋಡಿಸಿ ಕೂ ಎಂದು ಕೂಗುತ್ತಿದ್ದರಂತಲ್ಲ, ನೀವೇ ಹೇಳಿದ್ದು.

"ಅಕ್ಕಂಗೆ ಮಾತ್ರ ಹೇಳ್ಬೇಡ ಕಣೆ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. "ಅಮ್ಮ ಹೋದ್ಮೇಲೆ ಅವಳ ಕೈತುತ್ತು ತಿಂದೇ ಬೆಳೆದೋನು ನಾನು. ನನ್ ಅಡುಗೆಯಿಂದ್ಲೇ ಬಂತು ಅಂತ ಒಲೆ ಮುಂದೆ ಕೂತು ಅಳ್ತಾಳೆ."

ಇದನ್ನು ಹರಿದು ಹಾಕಿ ಈಗ ಇನ್ನೊಂದು ಬರೆಯುತ್ತೇನೆ.

ನಾಗಮಣಿ


ಕ್ರೋಂಪೇಟೆ
8 ಜನವರಿ 1999

ಪ್ರೀತಿಯ ಅಕ್ಕನವರಿಗೆ ನಾಗಮಣಿಯ ನಮಸ್ಕಾರ.

ಸಂಕ್ರಾಂತಿಗೆಂದು ನೀವು ಕಳಿಸಿದ ಡಬ್ಬ ಜೋಪಾನವಾಗಿ ತಲುಪಿತು. ಸಕ್ಕರೆ ಅಚ್ಚಿನ ಗಿಳಿಯ ತಲೆಯನ್ನು ನೇಹಾ ಅಲ್ಲೇ ಕಡಿದಳು. ಕಜ್ಜಾಯ ನೋಡಿ ನಿಮ್ಮ ತಮ್ಮನ ಮುಖ ಅರಳಿತು. ನಾವು ಮೂವರೂ ಚೆನ್ನಾಗಿದ್ದೇವೆ.

ಒಂದು ಮಾತು, ತಪ್ಪು ತಿಳಿಯಬೇಡಿ. ಇನ್ನು ಮೇಲೆ ಸಿಹಿ ಕಳಿಸಬೇಡಿ. ಈ ಮನೆಯಲ್ಲಿ ಇರುವೆ ಕಾಟ ವಿಪರೀತ. ಅದರ ಬದಲು ಒಂದಿಷ್ಟು ಹುರುಳಿಕಾಳು ಕಳಿಸಿದರೆ ಉಪಕಾರವಾಗುತ್ತದೆ. ಇಲ್ಲಿ ಈಗ ಎಲ್ಲರಿಗೂ ಆರೋಗ್ಯದ ಹುಚ್ಚು ಹಿಡಿದಿದೆ. ನಮ್ಮ ಬೀದಿಯಲ್ಲಿ ಒಬ್ಬರು ಬೆಳಿಗ್ಗೆ ಎದ್ದು ಹಾಗಲಕಾಯಿ ರಸ ಕುಡಿಯುತ್ತಾರೆ, ಇನ್ನೊಬ್ಬರು ಮೆಂತ್ಯದ ನೀರು. ಎದುರು ಮನೆಯವರು ಕಡಲೆಕಾಯಿ ಎಣ್ಣೆಯನ್ನು ಓಡಿಸಿ, ಬಣ್ಣವಿಲ್ಲದ ವಾಸನೆಯಿಲ್ಲದ ಎಣ್ಣೆ ತಂದಿದ್ದಾರೆ. ಅದಕ್ಕೆ ರುಚಿಯೂ ಇಲ್ಲ, ಅದಕ್ಕೇ ಒಳ್ಳೆಯದಂತೆ. ಪಕ್ಕದ ಮನೆ ಮಾಮಿ ನನಗೆ ಸೊಪ್ಪಿನ ಪಾಠ ಮಾಡುತ್ತಿದ್ದಾರೆ. "ಇನ್ನಿಕ್ಕು ಪೊನ್ನಾಂಗಣ್ಣಿ, ನಾಳೈಕ್ಕು ಮುರುಂಗೈ ಕೀರೈ," ಎಂದು ಬೇಲಿಯ ಮೇಲಿಂದಲೇ ಕೂಗುತ್ತಾರೆ. ಇವತ್ತು ಹೊನಗೊನ್ನೆ, ನಾಳೆ ನುಗ್ಗೆಸೊಪ್ಪು. ನಿಮ್ಮ ತಮ್ಮ ಈಗ ಊಟಕ್ಕೆ ಮುಂಚೆ ಸೌತೆಕಾಯಿ ತಿನ್ನುತ್ತಾರೆ ಎಂದರೆ ನೀವು ನಂಬುತ್ತೀರಾ?

ನಾಗಮಣಿ


ತಿರುಮಕೂಡಲು ನರಸೀಪುರ
20 ಜನವರಿ 1999

ನಾಗಮಣಿಗೆ ಜಯಲಕ್ಷ್ಮಮ್ಮನ ಆಶೀರ್ವಾದ.

ಇರುವೆ ಇಲ್ಲೂ ಇವೆ. ತಟ್ಟೆಗೆ ನೀರು ಹಾಕಿ ನಡುವೆ ಡಬ್ಬ ಇಟ್ಟರೆ ಇರುವೆಯ ಅಪ್ಪನೂ ಹತ್ತುವುದಿಲ್ಲ. ಹುರುಳಿ ಕಳಿಸಿದ್ದೇನೆ, ಆದರೆ ಬರೀ ಹುರುಳಿ ಕಳಿಸಲು ಅವನೇನು ಕುದುರೆಯಲ್ಲ. ಅದರ ಕೆಳಗೆ ಬೇಳೆ ಒಬ್ಬಟ್ಟು ಇದೆ, ಹುಡುಕಿಕೋ.

ನಂಜನಗೂಡಿನ ನಮ್ಮ ನೆಂಟರು ಮೊನ್ನೆ ಚೆನ್ನೈಗೆ ಹೋಗಿ ಅವನನ್ನು ನೋಡಿ ಬಂದರು. "ಮುರಳೀಧರ ಬಡಕಲಾಗೋಗವ್ನೆ ಕಣಕ್ಕ," ಎಂದರು. ಅಂಗಿ ಮೈಮೇಲೆ ನೇತಾಡುತ್ತದಂತೆ. ಟಿವಿಯವರ ಮಾತು ಕೇಳಿ ನೀನು ಸಣ್ಣಗಾಗಬೇಕಿದ್ದರೆ ಆಗು, ನನ್ನ ತಮ್ಮನನ್ನು ಒಣಗಿಸಬೇಡ. ಸೌತೆಕಾಯಿ ಕೋಸಂಬರಿಗೆ. ಅದೇ ಊಟವಲ್ಲ.

ನಾನು ಯಾರ ಮನೆಗೂ ಬರಿಗೈಯಲ್ಲಿ ಹೋದವಳಲ್ಲ. ತಮ್ಮನ ಮನೆಗೆ ಸಿಹಿಯಿಲ್ಲದ ಡಬ್ಬ ಕಳಿಸಲು ನನ್ನ ಕೈ ಬರುವುದಿಲ್ಲ. ಇದನ್ನು ನೀನು ತಪ್ಪು ತಿಳಿಯಬೇಡ.

ಬೃಂದಾಳ ಮದುವೆ ಗಟ್ಟಿಯಾಗಿದೆ. ಮೇ ತಿಂಗಳು. ಸೋದರಮಾವ ಚಪ್ಪರದ ದಿನವೇ ಇಲ್ಲಿರಬೇಕು. ಮಗಳ ಮದುವೆ ಅಂದರೆ ನನಗೆ ಕಣ್ಣೀರು ಬರಬೇಕು, ಕಜ್ಜಾಯಕ್ಕೆ ಎಷ್ಟು ಬೆಲ್ಲ ತರಿಸಲಿ ಎನ್ನುವ ಯೋಚನೆಯೇ ಬರುತ್ತಿದೆ.

ಜಯಲಕ್ಷ್ಮಮ್ಮ


ಕ್ರೋಂಪೇಟೆ
3 ಮೇ 1999

ಪ್ರೀತಿಯ ಅಕ್ಕ,

ರಜೆ ಸಿಕ್ಕಿದೆ. ಚಪ್ಪರದ ಹಿಂದಿನ ದಿನವೇ ಬರುತ್ತೇವೆ. ಬೃಂದಾಳಿಗೆಂದು ಪುರಸೈವಾಕ್ಕಂನಲ್ಲಿ ಇಡೀ ಮಧ್ಯಾಹ್ನ ಅಲೆದು ಹಸಿರು ಅಂಚಿನ ಸೀರೆ ಆರಿಸಿದ್ದೇನೆ. ನಿಮ್ಮ ತಮ್ಮ ಅಷ್ಟು ಅಂಗಡಿಗೂ ನನ್ನ ಹಿಂದೆಯೇ ನಡೆದರು, ಒಂದು ಸಲವೂ ಸುಸ್ತು ಎನ್ನಲಿಲ್ಲ. ಮೂರು ತಿಂಗಳ ಹಿಂದೆ ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದವರು. ನನಗಾದ ಸಂತೋಷವನ್ನು ಪೂರ್ತಿ ಬರೆಯಲಾರೆ.

ಮದುವೆಯಲ್ಲಿ ಅವರಿಗೆ ಬಡಿಸುವಾಗ ಸ್ವಲ್ಪ ನೋಡಿಕೊಂಡು ಬಡಿಸಿ, ಅಕ್ಕ. ಈಚೆಗೆ ಹೊಟ್ಟೆ ಉಬ್ಬರ.

ನಾಗಮಣಿ


ತಿ. ನರಸೀಪುರ
31 ಮೇ 1999

ನಾಗಮಣಿ,

ಮನೆ ಖಾಲಿ ಹೊಡೆಯುತ್ತಿದೆ, ಆದರೆ ನನ್ನ ಹೊಟ್ಟೆ ತುಂಬಿದೆ. ಇಂಥ ಮದುವೆ ಈ ಬೀದಿಯಲ್ಲಿ ಈಚೆಗೆ ಆಗಿಲ್ಲ ಎಂದು ಅಡುಗೆಯ ಸುಬ್ರಾಯನೇ ಹೇಳಿದ. ಅವನ ಬಾಯಲ್ಲಿ ಅಷ್ಟು ಬಂದರೆ ದೊಡ್ಡದು.

ಎಲ್ಲಕ್ಕಿಂತ ಸಂತೋಷ ಎಂದರೆ ನನ್ನ ತಮ್ಮ ಹಳೇ ತಮ್ಮನಾಗಿ ಉಂಡದ್ದು. ಪಂಕ್ತಿಯಲ್ಲಿ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು ಸಂಕೋಚ ಮಾಡಿಕೊಂಡ. ಪಟ್ಟಣ ಸೇರಿದ ಮೇಲೆ ಕಲಿತ ನಾಜೂಕು. ನಾನು ಬಿಟ್ಟೇನೆ? ಕೈಮೇಲೆಯೇ ಕಜ್ಜಾಯ ಇಟ್ಟು ತುಪ್ಪ ಹಾಕಿದೆ. ನಕ್ಕು ತಿಂದ. ಬೀಗರೂಟದ ದಿನವೂ ಹಾಗೆಯೇ. ನೀನು ಕಂಬದ ಹತ್ತಿರ ನಿಂತು ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದೆ. ನಾನು ನೋಡಲಿಲ್ಲ ಎಂದುಕೊಂಡೆಯಾ? ಎಲ್ಲ ನೋಡಿದೆ. ಗಂಡ ನಾಲ್ಕು ತುತ್ತು ತಿಂದರೆ ಮುಖ ಗಂಟಿಕ್ಕುವ ಹೆಂಡತಿಯನ್ನು ನಮ್ಮ ಮನೆಯಲ್ಲಿ ಇದೇ ಮೊದಲು ಕಂಡದ್ದು.

ಹೊರಡುವಾಗ ಕೊಟ್ಟ ಡಬ್ಬ ಖಾಲಿಯಾಯಿತೇ?

ಜಯಲಕ್ಷ್ಮಮ್ಮ


ಕ್ರೋಂಪೇಟೆ
22 ಜೂನ್ 1999

ಅಕ್ಕ,

ಕೊಟ್ಟ ಮಾತನ್ನು ಇವತ್ತು ಮುರಿಯುತ್ತಿದ್ದೇನೆ. ನಿಮ್ಮ ತಮ್ಮನಿಗೆ ಸಕ್ಕರೆ ಕಾಯಿಲೆ. ಚಳಿಗಾಲದಿಂದಲೂ ಇದೆ. ನಿಮಗೆ ನೋವಾಗುತ್ತದೆಂದು ಮುಚ್ಚಿಟ್ಟೆವು.

ಮಾರ್ಚಿನಲ್ಲಿ ರಕ್ತ ನೋಡಿದಾಗ ಅರ್ಧಕ್ಕರ್ಧ ಇಳಿದಿತ್ತು. ಸೊಪ್ಪು, ಹುರುಳಿ, ನಡಿಗೆ, ಮಾತ್ರೆ, ಎಲ್ಲ ಸೇರಿ ಇಳಿಸಿದ್ದು. ಮದುವೆಯ ವಾರ ಯಾರಾದರೂ ನೋಡಿಯಾರೆಂದು ಅವರು ಮಾತ್ರೆ ನುಂಗಲಿಲ್ಲ. ಎಲೆಗೆ ಕೈ ಅಡ್ಡ ಇಟ್ಟದ್ದು ನಾಜೂಕಲ್ಲ ಅಕ್ಕ, ನಿಜವಾಗಿಯೂ ಬೇಡವಾಗಿತ್ತು. ಏಕೆ ಬೇಡ ಎಂದು ಎಲ್ಲರ ಮುಂದೆ ಹೇಳಲಾಗದೆ ತಿಂದರು. ಇಲ್ಲಿಗೆ ಬಂದ ಮೇಲೆ "ಕೆಟ್ಟಿದ್ದು ಕೆಟ್ಟೋಯ್ತು ಬಿಡು," ಎಂದು ಡಬ್ಬವನ್ನೂ ತಾವೇ ಖಾಲಿ ಮಾಡಿದರು.

ಹೋದ ವಾರ ಪರೀಕ್ಷೆಯಲ್ಲಿ ಫೇಲಾದರು. ಗಾಡಿಯಿಂದ ಇಳಿಸಿದ್ದಾರೆ. ಸೆಪ್ಟೆಂಬರ್ ಕೊನೆಗೆ ಇನ್ನೊಂದು ಪರೀಕ್ಷೆ ಕೊಟ್ಟಿದ್ದಾರೆ, ಅದರಲ್ಲೂ ಆಗದಿದ್ದರೆ ಶಾಶ್ವತವಾಗಿ ಮೇಜು. ಈಗ ಆಫೀಸಿನಲ್ಲಿ ಬೇರೆಯವರ ಡ್ಯೂಟಿ ಚೀಟಿ ಬರೆಯುತ್ತಿದ್ದಾರೆ. ಮನೆಯ ಹಿಂದೆ ಗಾಡಿ ಹೋದಾಗಲೆಲ್ಲ ಗಡಿಯಾರ ನೋಡಿ, ಲೇಟು ಎನ್ನುತ್ತಾರೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅವರ ಮೇಲೆ ಇನ್ನೂ ಸಿಟ್ಟಿದೆ. ನನ್ನ ಮೇಲೂ ಇದೆ. ಇರುವೆಯ ಕಥೆ ಕಟ್ಟುವ ಬದಲು ಆಗಲೇ ಸತ್ಯ ಬರೆದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ನಾಗಮಣಿ


ಕ್ರೋಂಪೇಟೆ
24 ಜುಲೈ 1999

ಅಕ್ಕ,

ಒಂದು ತಿಂಗಳಾಯಿತು, ನಿಮ್ಮಿಂದ ಅಕ್ಷರವಿಲ್ಲ. ಖಾರವಾಗಿ ಬರೆದೆ, ಬೈಯಿರಿ, ಆದರೆ ಬರೆಯಿರಿ. "ಅಕ್ಕ ಕಾಗ್ದ ಹಾಕಿದ್ಲಾ?" ಎಂದು ಅವರು ಬಾಗಿಲಲ್ಲೇ ಕೇಳುತ್ತಾರೆ. ನೀವೇ ಒಂದು ಸಲ ಬಂದು ಹೋಗಬಾರದೇ? ಬೆಸೆಂಟ್ ನಗರದ ಬೀಚಿಗೆ ಹೋಗಿ ಮರಳಲ್ಲಿ ನಡೆಯೋಣ. ನಿಮ್ಮನ್ನು ನೋಡಿದರೆ ಅವರಿಗೆ ಧೈರ್ಯ ಬರುತ್ತದೆ.

ನಾಗಮಣಿ


ತಿ. ನರಸೀಪುರ
2 ಆಗಸ್ಟ್ 1999

ನಾಗಮಣಿ,

ನಿನಗೆ ಬೈಯುವ ಬಾಯಿ ನನಗೆ ಉಳಿದಿಲ್ಲ. ಕಾಗದವನ್ನು ಇಂಗಿನ ಡಬ್ಬದಲ್ಲಿ ಇಟ್ಟಿದ್ದೇನೆ. ಅದೇ ಡಬ್ಬದಲ್ಲಿ ನನ್ನ ಮಾತ್ರೆಗಳೂ ಇವೆ. ಹೌದು. ನನಗೂ ಇದೆ, ಅವನಿಗಿಂತ ಹಳೆಯದು. ನಿಮ್ಮ ಭಾವನವರಿಗೂ ಹೇಳಿಲ್ಲ. ಈ ಊರಲ್ಲಿ ಯಾರ ಮನೆಯ ಪಾಕಕ್ಕೂ ನನ್ನನ್ನೇ ಕರೆಯುತ್ತಾರೆ. ರುಚಿ ನೋಡಲಾಗದವಳನ್ನು ಯಾರು ಕರೆಯುತ್ತಾರೆ ಎಂದು ಹೆದರಿದೆ. ಕಜ್ಜಾಯವನ್ನು ತಮ್ಮನ ಕೈಮೇಲೆ ಇಟ್ಟೆನಲ್ಲ, ನನ್ನ ಎಲೆಯಲ್ಲಿದ್ದದ್ದನ್ನು ಸೊಪ್ಪಿನ ಕೆಳಗೆ ಬಚ್ಚಿಟ್ಟು ಎಲೆ ಮಡಿಚಿದ್ದೆ. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ.

ಬಾ ಎನ್ನುತ್ತೀಯ. ಏನು ಹಿಡಿದುಕೊಂಡು ಬರಲಿ? ಬರಿಗೈಯಲ್ಲಿ ತಮ್ಮನ ಹೊಸಿಲು ತುಳಿಯಲಾರೆ, ಸಿಹಿ ಹಿಡಿದು ತುಳಿಯುವಂತಿಲ್ಲ. ಈಗ ಬರುವುದಿಲ್ಲ.

ಆದರೆ ಅವನಿಗೆ ಹೇಳು, ಅಕ್ಕ ಪಂಥ ಕಟ್ಟಿದ್ದಾಳೆ. ಇವತ್ತಿನಿಂದ ನಾನೂ ಅವನೂ ಸೇರಿ ಇಳಿಸಬೇಕು. ಯಾರದು ಮೊದಲು ಇಳಿಯುತ್ತದೋ ನೋಡೋಣ. ಅನ್ನ ಬಿಡಿಸು, ರಾಗಿ ಮುದ್ದೆ ಹಾಕು. ನಮ್ಮ ಹೊಲದಲ್ಲಿ ದುಡಿಯುತ್ತಿದ್ದವರೆಲ್ಲ ಮುದ್ದೆ ನುಂಗಿಯೇ ಗಟ್ಟಿಮುಟ್ಟಾಗಿದ್ದರು. ಮುದ್ದೆಯಲ್ಲಿ ಸಕ್ಕರೆ ಎಲ್ಲಿದೆ? ಹಿಟ್ಟು ಕಳಿಸಿದ್ದೇನೆ. ಈ ಸಲ ಕೆಳಗೆ ಏನೂ ಇಲ್ಲ, ಹುಡುಕಬೇಡ.

ಜಯಲಕ್ಷ್ಮಮ್ಮ


ಕ್ರೋಂಪೇಟೆ
17 ಆಗಸ್ಟ್ 1999 (ಕಾರ್ಡು)

ಅಕ್ಕ, ಆತುರದಲ್ಲಿ ಬರೆಯುತ್ತಿದ್ದೇನೆ. ಮುದ್ದೆ ಎಂದ ಕೂಡಲೇ ಅವರಿಗೆ ಹಬ್ಬವಾಯಿತು. ಹೊತ್ತಿಗೆ ಎರಡು, ತೆಂಗಿನಕಾಯಿ ಗಾತ್ರದ್ದು. ಸಕ್ಕರೆ ಮತ್ತೆ ಏರಿದೆ. ಆಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ಹುಡುಗಿ, "ಸಾರ್, ರಾಗಿಯುಂ ದಾನಿಯಂ ದಾನ್. ಅಳವು ಮುಕ್ಕಿಯಂ," ಎಂದು ನಕ್ಕಳು. ರಾಗಿಯೂ ಧಾನ್ಯವೇ, ಅಳತೆ ಮುಖ್ಯವಂತೆ. ಮುದ್ದೆ ಮುಷ್ಟಿಯಷ್ಟು, ಸೊಪ್ಪು ಕಾಳು ತಟ್ಟೆ ತುಂಬ. ನೀವೂ ಹಾಗೆಯೇ ಮಾಡಿ. ನಿಮ್ಮ ಸಕ್ಕರೆ ಈಗ ಎಷ್ಟಿದೆ? ಮಾತ್ರೆ ಬಿಡಬೇಡಿ. ನಾಗಮಣಿ


ತಿ. ನರಸೀಪುರ
28 ಆಗಸ್ಟ್ 1999

ಮಹಾತಾಯಿ ನಾಗಮಣಿ,

ಇಂಥ ವಿಷಯವನ್ನು ಕಾರ್ಡಿನಲ್ಲಿ ಬರೆಯುವವರು ಉಂಟೇ? ಪೋಸ್ಟಿನ ನಂಜುಂಡ ಬೀದಿಯ ತುದಿಯಿಂದಲೇ ಓದಿಕೊಂಡು ಬಂದ. ಬಾಗಿಲಲ್ಲಿ ನಿಂತು, "ಅಮ್ನೋರೆ, ನಿಮ್ಗೂ ಸಕ್ಕರೆನಾ? ಮಾತ್ರೆ ಬಿಡ್ಬೇಡಿ ಅಂತ ಬರ್ದವ್ರೆ," ಎಂದ. ನಿಮ್ಮ ಭಾವನವರು ಜಗುಲಿಯಲ್ಲೇ ಇದ್ದರು. ಪತ್ರಿಕೆ ಮಡಿಚಿ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಇನ್ನು ನನ್ನನ್ನು ಯಾರೂ ಪಾಕಕ್ಕೆ ಕರೆಯುವುದಿಲ್ಲ ಎಂದು ಕೂತಿದ್ದೆ. ಮಾರನೇ ದಿನ ಎದುರು ಮನೆಯಾಕೆ ಹಿತ್ತಲ ಬಾಗಿಲಿಂದ ಬಂದಳು. "ನಂಗೂ ಅದೆ ಕಣಕ್ಕ. ನಿಮ್ ಡಾಕ್ಟ್ರು ಯಾರು?" ಎಂದು ಕಿವಿಯಲ್ಲಿ ಕೇಳಿದಳು. ಆಮೇಲೆ ಮೇಷ್ಟರ ಹೆಂಡತಿ. ಆಮೇಲೆ ಸ್ವತಃ ನಂಜುಂಡ. ಈ ಬೀದಿಯಲ್ಲಿ ಎಷ್ಟು ಇಂಗಿನ ಡಬ್ಬಗಳಿವೆಯೋ ಶಿವನೇ ಬಲ್ಲ. ಈಗ ನಾವೆಲ್ಲ ಬೆಳಿಗ್ಗೆ ಸಂಗಮದವರೆಗೆ ನಡೆದು ಬರುತ್ತೇವೆ. ನಂಜುಂಡ ಸೈಕಲ್ ತಳ್ಳಿಕೊಂಡು ಬರುತ್ತಾನೆ.

ಮುಷ್ಟಿ ಎಂದೆಯಲ್ಲ, ಯಾರ ಮುಷ್ಟಿ? ನೇಹಾಳ ಮುಷ್ಟಿ ಎನ್ನಬೇಡ, ಅಷ್ಟೇ. ನನ್ನ ಮುಷ್ಟಿಯ ಲೆಕ್ಕದಲ್ಲಿ ಒಂದು ವಾರ ಉಂಡು ರಕ್ತ ಕೊಟ್ಟೆ. ಇಳಿದಿದೆ. ಕಾಂಪೌಂಡರ್ ಮತ್ತೊಂದು ಸಲ ನೋಡಿ ಹೇಳಿದ. ತಮ್ಮನಿಗೆ ಹೇಳು, ಅಕ್ಕ ಮುಂದಿದ್ದಾಳೆ.

ಜಯಲಕ್ಷ್ಮಮ್ಮ


ಕ್ರೋಂಪೇಟೆ
3 ಅಕ್ಟೋಬರ್ 1999

ಅಕ್ಕ, ಅಕ್ಕ,

ಪಾಸಾದರು. ಮೊದಲು ಇದನ್ನು ಬರೆದೆ, ಇನ್ನು ನಿಧಾನವಾಗಿ ಬರೆಯುತ್ತೇನೆ.

ನಿಮ್ಮ ಕಾಗದ ಓದಿದ ದಿನ ಅವರಿಗೆ ರೋಷ ಬಂತು. "ಅಕ್ಕ ನನ್ನ ಹಿಂದಾಕ್ಬುಟ್ಲಾ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟವರು ಪಲ್ಲಾವರಂವರೆಗೆ ನಡೆದು ಬಂದರು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಆಫೀಸಿನಲ್ಲಿ ಯಾರಿಗೋ ಮಗುವಾಯಿತೆಂದು ಮೈಸೂರುಪಾಕು ಹಂಚಿದರಂತೆ. "ನನಗೆ ಷುಗರ್ ಇದೆ, ಬೇಡ," ಎಂದರಂತೆ. ಅದನ್ನು ಮನೆಗೆ ಬಂದು ನನಗೆ ಹೇಳುವಾಗ ದೊಡ್ಡ ಬೆಟ್ಟ ಹತ್ತಿ ಬಂದವರ ಮುಖ ಅವರದು. ಆ ಒಂದು ಮಾತು ಹೇಳಲು ಒಂಬತ್ತು ತಿಂಗಳು ಹಿಡಿಯಿತು. ನೀವು ಅಲ್ಲಿ ಇಳಿಸುತ್ತಿದ್ದೀರಿ ಎನ್ನುವುದೇ ಅವರಿಗೆ ದೊಡ್ಡ ಔಷಧವಾಯಿತು, ಅಕ್ಕ. ನನ್ನ ಸೊಪ್ಪಿಗೂ ಅಷ್ಟು ಶಕ್ತಿ ಇರಲಿಲ್ಲ.

ಇವತ್ತು ಗಾಡಿಗೆ ಹತ್ತಿದರು. ನಾನೂ ನೇಹಾಳೂ ಮಾಮಿಯೂ ರೈಲ್ವೆ ಗೇಟಿನ ಹತ್ತಿರ ಹೋಗಿ ನಿಂತೆವು. ದೂರದಲ್ಲಿ ಗಾಡಿ ಕಂಡ ಕೂಡಲೇ ನೇಹಾ, "ಅಪ್ಪಾ ವಂದಾಚ್ಚು, ಅಪ್ಪ ಬಂದ್ರು," ಎಂದು ಕುಣಿದಳು. ಡ್ಯೂಟಿಯಲ್ಲಿರುವವರು ಕೈ ಬೀಸುವಂತಿಲ್ಲ, ಅವರು ಬೀಸಲಿಲ್ಲ. ಗೇಟು ಬಂದಾಗ ಹಾರ್ನ್ ಹಾಕುವುದು ನಿಯಮ. ಅಷ್ಟು ಉದ್ದ ಹಾಕಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಗೇಟಿನ ಈಚೆಯಿಂದ ಶುರುವಾದದ್ದು ಸ್ಟೇಷನ್ ತಲುಪುವವರೆಗೂ ನಿಲ್ಲಲಿಲ್ಲ. ಸೈಕಲ್ಲಿನವರೆಲ್ಲ ಕಿವಿ ಮುಚ್ಚಿಕೊಂಡರು. ನಾನು ಅಳುತ್ತಾ ನಿಂತಿದ್ದೆ, ಮಾಮಿ ನನಗಿಂತ ಹೆಚ್ಚು ಅಳುತ್ತಿದ್ದರು.

ಈಗಲಾದರೂ ಬನ್ನಿ.

ನಾಗಮಣಿ


ತಿ. ನರಸೀಪುರ
14 ಫೆಬ್ರವರಿ 2000

ನಾಗಮಣಿ,

ಬೃಂದಾಳ ಸೀಮಂತ ಚೆನ್ನಾಗಿ ನಡೆಯಿತು. ಸೋದರಮಾವ ಎಲ್ಲಿ ಎಂದು ಕೇಳಿದವರಿಗೆಲ್ಲ, ಗಾಡಿ ಓಡಿಸುತ್ತಿದ್ದಾನೆ, ರಜೆ ಸಿಗಲಿಲ್ಲ ಎಂದೆ. ಆ ಮಾತನ್ನು ಹೇಳುವ ಸುಖಕ್ಕೆ ಕೇಳದವರಿಗೂ ಹೇಳಿದೆ.

ಕಜ್ಜಾಯ ನಾನೇ ಮಾಡಿದೆ. ಪಾಕ ನೋಡಲು ನಾಲಿಗೆ ಬೇಕಿಲ್ಲ, ಬೆರಳು ಸಾಕು. ಇಷ್ಟು ವರ್ಷ ಅದು ಗೊತ್ತಿದ್ದೂ ಹೆದರಿದ್ದೆನಲ್ಲ.

ಹೆಂಗಸರ ಪಂಕ್ತಿಯಲ್ಲಿ ಬೃಂದಾಳ ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ಸುಬ್ರಾಯ ಕಜ್ಜಾಯದ ತಟ್ಟೆ ತಂದ. ಎಲೆಗೆ ಕೈ ಅಡ್ಡ ಹಿಡಿದೆ. "ಅಮ್ನೋರೆ, ನೀವ್ ಮಾಡಿದ್ದುಕ್ಕೆ ನೀವೇ ಸಂಕೋಚ ಪಟ್ರೆ ಹೆಂಗೆ?" ಎಂದು ಕೈಮೇಲೆಯೇ ಇಟ್ಟ. ಬೆರಳಿಗೆ ಬಿಸಿ ತಾಗಿತು. ಹೋದ ವರ್ಷ ನನ್ನ ತಮ್ಮನ ಕೈಗೂ ಹೀಗೇ ತಾಗಿರಬೇಕು.

ನಾನು ಎದ್ದು ನಿಂತೆ. ಊಟದ ಮಧ್ಯೆ ಪಂಕ್ತಿಯಿಂದ ಏಳಬಾರದು ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದವಳು ನಾನೇ. ಎಲ್ಲರೂ ತುತ್ತು ನಿಲ್ಲಿಸಿ ನೋಡಿದರು.

"ಸುಬ್ರಾಯ, ನಂಗೆ ಸಕ್ಕರೆ ಕಾಯ್ಲೆ ಅದೆ. ನನ್ ತಮ್ಮಂಗೂ ಅದೆ. ಹಿಂಗೇ ಕೈಮೇಲೆ ಬಡ್ಸಿ ಅವನ ಗಾಡಿ ನಿಲ್ಲಿಸ್ದೋಳು ನಾನು. ಇನ್ಮೇಲೆ ನಮ್ಮನೆ ಪಂಕ್ತೀಲಿ ಎಲೆಗೆ ಕೈ ಅಡ್ಡ ಬಂದ್ರೆ ಸೌಟು ಹಿಂದಕ್ಕೆ ಹೋಗ್ಬೇಕು," ಎಂದೆ. ಊರಿಗೆ ಗೊತ್ತಿದ್ದ ಮಾತೇ, ಆದರೆ ಎಲ್ಲರ ಮುಂದೆ ನಾನೇ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಆಮೇಲೆ ಬೃಂದಾಳ ಅತ್ತೆ, ಬಂಗಾರದ ಬಳೆ ತುಂಬಿದ ಕೈಯನ್ನು ಮೆಲ್ಲಗೆ ತಮ್ಮ ಎಲೆಯ ಮೇಲೆ ಇಟ್ಟರು. ಆಚೆ ಮೇಷ್ಟರ ಹೆಂಡತಿ ಇಟ್ಟಳು. ಅದರಾಚೆ ಎದುರು ಮನೆಯಾಕೆ. ಸಾಲಿನ ತುದಿಯವರೆಗೂ ಅಲ್ಲೊಂದು ಇಲ್ಲೊಂದು ಕೈ ಎಲೆಯ ಮೇಲೆ ಬಂತು. ಸುಬ್ರಾಯ ತಟ್ಟೆ ಹಿಡಿದು ಒಬ್ಬೊಬ್ಬರನ್ನೇ, "ಹಾಕ್ಲಾ ತಾಯಿ?" ಎಂದು ಕೇಳಿಕೊಂಡು ಹೋದ. ಬೇಕೆಂದವರಿಗೆ ಎರಡೆರಡು ಬಿದ್ದವು. ಬಸುರಿ ಬೃಂದಾ ಮೂರು ತಿಂದಳು. ನಾನು ಕೂತು ಹುರುಳಿ ಸಾರಿನಲ್ಲಿ ನನ್ನ ಮುಷ್ಟಿಯಷ್ಟು ಮುದ್ದೆಯನ್ನು ಉಂಡೆ. ಅಷ್ಟು ರುಚಿಯಾದ ಊಟವನ್ನು ಈಚೆಗೆ ಉಂಡ ನೆನಪಿಲ್ಲ.

ಟಿಕೆಟ್ಟು ತೆಗೆಸಿದ್ದೇನೆ. ಮುಂದಿನ ಭಾನುವಾರ ಬೆಳಿಗ್ಗೆ ಚೆನ್ನೈಗೆ ಇಳಿಯುತ್ತೇನೆ. ತಮ್ಮನ ಗಾಡಿಯಲ್ಲಿ ಬೀಚಿನಿಂದ ತಾಂಬರಂವರೆಗೆ ಕೂತು ಹೋಗಬೇಕು. ಅವನು ಹಾರ್ನ್ ಹಾಕಿದಾಗ ಪಕ್ಕದಲ್ಲಿ ಕೂತವರಿಗೆ, ಓಡಿಸುತ್ತಿರುವವನು ನನ್ನ ತಮ್ಮ ಎಂದು ಹೇಳಬೇಕು. ಅವರಿಗೆ ಕನ್ನಡ ಬಾರದಿದ್ದರೂ ಹೇಳುತ್ತೇನೆ.

ಸ್ಟೇಷನ್ನಿನಲ್ಲಿ ನನ್ನನ್ನು ನೋಡಿ ಡಬ್ಬ ಎಲ್ಲಿ ಎಂದು ಗಾಬರಿಯಾಗಬೇಡ. ಹುಟ್ಟಿದ ಮೇಲೆ ಮೊದಲ ಸಲ ಬರಿಗೈಯಲ್ಲಿ ಬರುತ್ತಿದ್ದೇನೆ.

ಜಯಲಕ್ಷ್ಮಮ್ಮ